ನಕ್ಷತ್ರ ಸಿಕ್ಕಿತು, ಕಥೆ ಸಿಕ್ಕಿತೆ?

ಕಾದಂಬರಿಗೆ ವಿಮರ್ಶಕರಿದ್ದಾರೆ, ಸಿನಿಮಾಕ್ಕೆ ಇದ್ದಾರೆ, ಹೊಸ ಹೋಟೆಲಿನ ಮಸಾಲೆದೋಸೆಗಂತೂ ಊರು ತುಂಬ ಇದ್ದಾರೆ. ಆದರೆ ನಮ್ಮ ಮಕ್ಕಳು ದಿನಾ ಅರ್ಧ ಗಂಟೆ ತಲೆ ಬಗ್ಗಿಸಿ ಕೂತು ಓದುವ ಆ್ಯಪ್‌ಗಳನ್ನು ಒಂದು ಕೃತಿಯೆಂದು ಎತ್ತಿಕೊಂಡು, ಅದರೊಳಗೆ ಏನಿದೆ, ಅದರ ಭಾಷೆ ಎಂಥದು, ಅದು ಯಾವ ಮಗುವನ್ನು ಎದುರಿಗೆ ಕೂರಿಸಿಕೊಂಡು ಮಾತಾಡುತ್ತಿದೆ ಎಂದು ನೋಡಿದವರನ್ನು ನಾನು ಹೆಚ್ಚು ಕಂಡಿಲ್ಲ. ‘ಒಳ್ಳೆಯದಿದೆ, ಮಗು ಗಲಾಟೆ ಮಾಡುವುದಿಲ್ಲ’ ಎನ್ನುವುದು ವಿಮರ್ಶೆಯಲ್ಲ. ಪುತ್ತೂರಿನ ಒಂದು ಸಣ್ಣ ಕೋಣೆಯಲ್ಲಿ ಮಕ್ಕಳಿಗೆ ವಾಕ್ ಚಿಕಿತ್ಸೆ ಮಾಡುವವಳು ನಾನು. ಓದಿದ್ದನ್ನು ಅರ್ಥ ಮಾಡಿಸುತ್ತೇವೆಂದು ಹೇಳಿಕೊಳ್ಳುವ ಈ ಆ್ಯಪ್‌ಗಳೊಂದಿಗೆ ವರ್ಷಗಟ್ಟಲೆ ಸಂಸಾರ ಮಾಡಿದ್ದೇನೆ. ಹಾಗಾಗಿ ಅವುಗಳ ಗುಣವೂ ಗೊತ್ತು, ಅವಗುಣವೂ ಗೊತ್ತು.

ಮೊದಲೇ ಒಂದು ಸಂಶಯ ನಿವಾರಿಸಿಬಿಡುತ್ತೇನೆ. ವಾಕ್ ಚಿಕಿತ್ಸೆ, ಅಂದರೆ ಜನರ ಬಾಯಲ್ಲಿ ‘ಸ್ಪೀಚ್ ಥೆರಪಿ’, ತೊದಲುವವರಿಗೆ ಮತ್ತು ‘ರ’ ಬಾರದೆ ‘ಲ’ ಎನ್ನುವವರಿಗೆ ಮಾತ್ರ ಎಂದು ಬಹಳ ಮಂದಿ ತಿಳಿದಿದ್ದಾರೆ. ಓದಿಗೂ ನಿಮಗೂ ಏನು ಸಂಬಂಧ ಎಂದು ಮದುವೆಮನೆಗಳಲ್ಲಿ ನನ್ನನ್ನು ಕೇಳಿದವರಿದ್ದಾರೆ. ಸಂಬಂಧ ಸರಳ. ಆಡಿದ ಮಾತು ಪೂರ್ತಿ ಅರ್ಥವಾಗದ ಮಗುವಿಗೆ ಅಚ್ಚಾದ ಮಾತೂ ಅರ್ಥವಾಗುವುದಿಲ್ಲ. ಅಮೆರಿಕದ ವಾಕ್-ಶ್ರವಣ ತಜ್ಞರ ಸಂಘ ಓದು ಬರಹಗಳೂ ನಮ್ಮ ಕೆಲಸದ ಭಾಗವೆಂದು 2001ರಲ್ಲೇ ಬರೆದು ಪ್ರಕಟಿಸಿತು. ನಮ್ಮ ದೇಶದ 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯ ಪಟ್ಟಿಯಲ್ಲಿ ವಾಕ್ ಮತ್ತು ಭಾಷೆಯ ತೊಂದರೆ ಒಂದು ಸಾಲಿನಲ್ಲಿದೆ, ಕಲಿಕೆಯ ತೊಂದರೆ ಇನ್ನೊಂದು ಸಾಲಿನಲ್ಲಿದೆ. ತರಗತಿಯಲ್ಲಿ ಮಾತ್ರ ಅವೆರಡೂ ಎಷ್ಟೋ ಸಲ ಒಂದೇ ಮಗುವಿನ ರೂಪದಲ್ಲಿ ಒಂದೇ ಬೆಂಚಿನ ಮೇಲೆ ಕೂತಿರುತ್ತವೆ.

1986ರಲ್ಲಿ ಗಫ್ ಮತ್ತು ಟನ್ಮರ್ ಎಂಬಿಬ್ಬರು ಓದನ್ನು ಒಂದು ಗುಣಾಕಾರವಾಗಿ ವಿವರಿಸಿದರು. ಅಕ್ಷರ ಬಿಡಿಸಿ ಓದುವ ಶಕ್ತಿ ಒಂದು, ಭಾಷೆ ಅರ್ಥವಾಗುವ ಶಕ್ತಿ ಇನ್ನೊಂದು. ಇವೆರಡನ್ನು ಗುಣಿಸಿದರೆ ಬರುವುದೇ ಓದಿನ ಗ್ರಹಿಕೆ. ಕೂಡಿಸುವ ಲೆಕ್ಕವಲ್ಲ ಎಂಬುದನ್ನು ಗಮನಿಸಿ. ಒಂದು ಕಡೆ ಸೊನ್ನೆ ಇದ್ದರೆ ಇನ್ನೊಂದು ಕಡೆ ಎಷ್ಟಿದ್ದರೂ ಉತ್ತರ ಸೊನ್ನೆಯೇ. ಕನ್ನಡದಲ್ಲಿ ಈ ಲೆಕ್ಕ ನಮ್ಮ ಕಣ್ಣಿಗೆ ಮಣ್ಣೆರಚುವುದು ಸುಲಭ. ಕಾಗುಣಿತ, ಒತ್ತಕ್ಷರಗಳೆಲ್ಲ ಕೈವಶವಾಗಲು ನಮ್ಮ ಮಕ್ಕಳಿಗೆ ಕೆಲವು ವರ್ಷಗಳೇ ಬೇಕೆಂದು ಸೋನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಕನ್ನಡ ಓದಿನ ಅಧ್ಯಯನ ತೋರಿಸಿತ್ತು. ಆದರೆ ಒಮ್ಮೆ ವಶವಾಯಿತೋ, ಬರೆದಂತೆ ಓದುವ ಲಿಪಿ ನಮ್ಮದು, ಅರ್ಥ ತಿಳಿಯದ ಪದವನ್ನೂ ಮಗು ಗಡಗಡನೆ ಓದಿಬಿಡುತ್ತದೆ. ಮನೆಯವರಿಗೆ ಸಂತೋಷ. ಓದುವುದನ್ನು ಕೇಳಿಸಿಕೊಂಡು ತಪ್ಪಿದ ಪದವನ್ನು ತಿದ್ದುವ ಆ್ಯಪ್‌ಗಳೂ ಇವೆ. ಗೂಗಲ್ 2019ರಲ್ಲಿ ಭಾರತದಲ್ಲಿ ‘ಬೋಲೋ’ ಎಂಬ ಹೆಸರಿನಲ್ಲಿ ತಂದು ಮರುವರ್ಷ ‘ರೀಡ್ ಅಲಾಂಗ್’ ಎಂದು ಹೆಸರು ಬದಲಿಸಿದ್ದು ಅಂಥದ್ದು. ಗಟ್ಟಿಯಾಗಿ ಓದುವ ಅಭ್ಯಾಸಕ್ಕೆ ಅವು ಬೇಕಾದವೇ. ಆದರೆ ಗಡಗಡನೆ ಓದಿದ್ದಕ್ಕೆ ಬಂದ ನಕ್ಷತ್ರವನ್ನು ಅರ್ಥವಾಗಿದ್ದಕ್ಕೆ ಬಂದ ನಕ್ಷತ್ರವೆಂದು ತಾಯಂದಿರು ತಿಳಿದುಕೊಂಡರೆ ಅಲ್ಲಿಂದ ಕಷ್ಟ ಶುರು.

ಆರನೆಯ ತರಗತಿಯ ಒಬ್ಬ ಹುಡುಗಿಯ ವಿಷಯ ಹೇಳುತ್ತೇನೆ. ಮನೆಯಲ್ಲಿ ತುಳು, ಬೀದಿಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷು. ಮಾತಿಗೆ ತಡವಾಗಿ ತೊಡಗಿದ ಮಗು. ಈಗ ಉಚ್ಚಾರ ಸ್ವಚ್ಛ, ಆದರೆ ನಾಲ್ಕು ವಾಕ್ಯ ಒಟ್ಟಿಗೆ ಹೇಳಲು ಹೊರಟರೆ ಎರಡನೆಯದರಲ್ಲೇ ದಾರಿ ತಪ್ಪುತ್ತದೆ. ತಾಯಿ ಬೀಡಿ ಕಟ್ಟುತ್ತಾರೆ. ಎರಡು ಬಸ್ಸು ಬದಲಿಸಿ ವಾರಕ್ಕೊಮ್ಮೆ ಬರುತ್ತಾರೆ. ಒಂದು ದಿನ ಅವರು ಮಗಳ ಟ್ಯಾಬನ್ನು ನನ್ನ ಮೇಜಿನ ಮೇಲಿಟ್ಟು, “ನೋಡಿ ಟೀಚರ್, ನಲವತ್ತು ಪಾಠ ಆಯ್ತು, ಎಲ್ಲದಕ್ಕೂ ಮೂರು ಮೂರು ನಕ್ಷತ್ರ. ಇದನ್ನೇ ಮನೆಯಲ್ಲಿ ಮಾಡಿದ್ರೆ ಸಾಕಲ್ವಾ? ಇಲ್ಲಿಗೆ ಬಂದ ದಿನ ಬೀಡಿ ಅರ್ಧವೂ ಆಗುದಿಲ್ಲ” ಎಂದರು. ಅದು ನೆಪದ ಮಾತಾಗಿರಲಿಲ್ಲ. ಅವರ ಮನೆಯ ಲೆಕ್ಕದಲ್ಲಿ ನನ್ನ ಕೋಣೆಯ ಒಂದು ಗಂಟೆ ಎಂದರೆ ಅರ್ಧ ದಿನದ ಕೂಲಿ, ಎರಡು ಜನರ ಬಸ್ ಚಾರ್ಜು, ನನ್ನ ಫೀಸು. ಇಷ್ಟಕ್ಕೆ ನಾನು ಆ್ಯಪ್‌ಗಿಂತ ಹೆಚ್ಚಿಗೆ ಏನು ಕೊಡುತ್ತೇನೆ ಎಂದು ಅವರು ಕೇಳಿದರೆ ಅದಕ್ಕೆ ಉತ್ತರ ಕೊಡುವುದು ನನ್ನ ಕರ್ತವ್ಯ.

ಅಂದು ಅವಳು ಮುಗಿಸಿದ್ದ ಪಾಠ ಅಮೆರಿಕದ್ದು. ಅಣ್ಣ ತಂಗಿ ಇಬ್ಬರು ಮನೆಯ ಮುಂದೆ ‘ಲೆಮನೇಡ್ ಸ್ಟ್ಯಾಂಡ್’ ಹಾಕುತ್ತಾರೆ. ಬೆಳಿಗ್ಗೆ ಚಳಿ, ಯಾರೂ ಬರುವುದಿಲ್ಲ. ಮಧ್ಯಾಹ್ನ ಬಿಸಿಲು ಬಂದು ಎಲ್ಲ ಖರ್ಚಾಗುತ್ತದೆ. ಐದು ಪ್ರಶ್ನೆ, ಐದೂ ಸರಿ. ನಾನು ಟ್ಯಾಬನ್ನು ಮಗುಚಿಟ್ಟು “ಆ ಕಥೆ ನನಗೆ ಹೇಳು ಮಗೂ” ಎಂದೆ. ಅವಳು ಹೇಳಿದ ಕಥೆಯಲ್ಲಿ ಇಬ್ಬರು ಮಕ್ಕಳು ಬಸ್ ಸ್ಟ್ಯಾಂಡಿಗೆ ಹೋಗಿ ನಿಂಬೆ ಶರಬತ್ತು ಕುಡಿದರು, ಅವರಿಗೆ ಚಳಿಯಾಯಿತು. ಅಷ್ಟೇ. ‘ಸ್ಟ್ಯಾಂಡ್’ ಎಂದರೆ ಅವಳ ಲೋಕದಲ್ಲಿ ಒಂದೇ ಸ್ಟ್ಯಾಂಡು. ಕಥೆಯೇ ತಲೆಕೆಳಗು, ಆದರೂ ಉತ್ತರ ಐದಕ್ಕೆ ಐದು!

ಇದು ಹೇಗೆ ಸಾಧ್ಯ? ಪ್ರಶ್ನೆಗಳನ್ನು ನೋಡಿದರೆ ಗೊತ್ತಾಗುತ್ತದೆ. ಫಲಕದ ಬಣ್ಣ ಯಾವುದು, ಒಂದು ಲೋಟಕ್ಕೆ ಎಷ್ಟು, ಮೊದಲು ಬಂದವರು ಯಾರು. ಪ್ರಶ್ನೆಯಲ್ಲಿರುವ ಒಂದು ಪದವನ್ನು ಹಿಡಿದುಕೊಂಡು ಪಾಠದಲ್ಲಿ ಅದೇ ಪದ ಎಲ್ಲಿದೆಯೆಂದು ಹುಡುಕುವುದು, ಸಿಕ್ಕಿದ ಕೂಡಲೆ ಅದರ ಪಕ್ಕದ ಪದವನ್ನು ಒತ್ತುವುದು. ಕತ್ತಲೆಯಲ್ಲಿ ಅಡುಗೆಮನೆಗೆ ಹೋಗಿ ಕೈಯಾಡಿಸಿ ಉಪ್ಪಿನ ಭರಣಿ ಹುಡುಕಿದ ಹಾಗೆ. ಉಪ್ಪು ಸಿಗುತ್ತದೆ, ಅಡುಗೆ ಏನೆಂದು ತಿಳಿಯಬೇಕಿಲ್ಲ. ಭಾಷೆಯಲ್ಲಿ ಹಿಂದುಳಿದ ಮಕ್ಕಳು ಈ ಕಲೆಯಲ್ಲಿ ಬಹಳ ಚುರುಕು, ಯಾಕೆಂದರೆ ತರಗತಿಯಲ್ಲಿ ಬದುಕಿ ಉಳಿಯಲು ಅವರು ಕಲಿತದ್ದೇ ಅದು. ನಾಲ್ಕು ಉತ್ತರಗಳಲ್ಲಿ ಒಂದನ್ನು ಒತ್ತುವ ಆಟದಲ್ಲಿ ಕಣ್ಣು ಮುಚ್ಚಿ ಒತ್ತಿದರೂ ಸರಾಸರಿ ನಾಲ್ಕರಲ್ಲೊಂದು ಸರಿಯಾಗುತ್ತದೆ ಎಂಬುದು ಬೇರೆ.

ನಾನು ಒಂದು ಆ್ಯಪನ್ನು ಅಳೆಯುವ ವಿಧಾನ ನೀವೂ ಮನೆಯಲ್ಲಿ ಮಾಡಿ ನೋಡಬಹುದು. ಪಾಠವನ್ನು ಓದದೆ ಬರೀ ಪ್ರಶ್ನೆಗಳಿಗೆ ಉತ್ತರಿಸಿ. ಒಂದು ಸಂಜೆ ನಾನು ಹೀಗೆ ಕೂತು ಹತ್ತರಲ್ಲಿ ಏಳು ಸರಿ ಮಾಡಿದೆ. ‘ಮಳೆ ಬರುವಾಗ ರೀಟಾ ಏನು ಹಿಡಿದುಕೊಂಡಳು: ಬಾಚಣಿಗೆ, ಕೊಡೆ, ಪುಸ್ತಕ, ಬಾಳೆಹಣ್ಣು’ ಎಂಬ ಜಾತಿಯ ಪ್ರಶ್ನೆಗಳಿಗೆ ರೀಟಾಳ ಕಥೆ ಯಾಕೆ ಬೇಕು? ಕಥೆಯಿಲ್ಲದೆ ಉತ್ತರವಾಗುವ ಪ್ರಶ್ನೆ ಕಥೆಯ ಮೇಲಿನ ಪ್ರಶ್ನೆಯೇ ಅಲ್ಲ.

ಇವು ಹೀಗಿರುವುದಕ್ಕೆ ಕಾರಣವಿದೆ, ಅದನ್ನೂ ಹೇಳುವುದು ನ್ಯಾಯ. 2010ರಲ್ಲಿ ಐಪ್ಯಾಡ್ ಬಂದ ಮೇಲೆ ವಾಕ್ ಚಿಕಿತ್ಸೆಯ ಆ್ಯಪ್‌ಗಳು ಅಮೆರಿಕದಲ್ಲಿ ಬೆಳೆದವು. ಅಲ್ಲಿ ವಾಕ್ ಚಿಕಿತ್ಸಕರಲ್ಲಿ ಬಹಳಷ್ಟು ಮಂದಿ ಶಾಲೆಗಳಲ್ಲೇ ಕೆಲಸ ಮಾಡುತ್ತಾರೆ, ಎಷ್ಟೋ ಸಲ ಮೂರು ನಾಲ್ಕು ಮಕ್ಕಳನ್ನು ಒಟ್ಟಿಗೆ ಕೂರಿಸಿಕೊಳ್ಳುತ್ತಾರೆ. ವಿಶೇಷ ಶಿಕ್ಷಣ ಪಡೆಯುವ ಪ್ರತಿ ಮಗುವಿಗೂ ಅಳೆಯಬಹುದಾದ ವಾರ್ಷಿಕ ಗುರಿಯನ್ನು ಬರೆದಿಡಬೇಕೆಂದು ಅಲ್ಲಿಯ ಕಾನೂನು ಹೇಳುತ್ತದೆ. ಹತ್ತರಲ್ಲಿ ಎಂಟು ಎಂದು ತಾನೇ ಎಣಿಸಿಕೊಡುವ ಯಂತ್ರ ಅಂಥ ಕಡೆ ಎಷ್ಟು ಅನುಕೂಲ! ಲೆಕ್ಕದ ಪುಸ್ತಕಕ್ಕಾಗಿ ಹುಟ್ಟಿದ ಈ ಪ್ರಶ್ನೆಗಳು ಲೆಕ್ಕದ ಪುಸ್ತಕವೇ ಇಲ್ಲದ ನಮ್ಮ ಮನೆಗಳಿಗೆ ಪಾಠವಾಗಿ ಬಂದುಬಿಟ್ಟಿವೆ.

ಇನ್ನು ಆ ಪಾಠಗಳ ಲೋಕ. ಹಿಮ ಬಿದ್ದು ಶಾಲೆಗೆ ರಜೆ, ಪಕ್ಕದ ಮನೆಯವರ ನಾಯಿಯನ್ನು ಸುತ್ತಾಡಿಸಿ ಹಣ ಸಂಪಾದಿಸುವ ಹುಡುಗ, ಕುಂಬಳಕಾಯಿಗೆ ಕಣ್ಣು ಬಾಯಿ ಕೊರೆಯುವ ಹಬ್ಬ. ಬೇರೆ ಲೋಕ ಮಕ್ಕಳಿಗೆ ಬೇಡವೆಂದು ನಾನು ಹೇಳುತ್ತಿಲ್ಲ. ಕಥೆ ಇರುವುದೇ ಬೇರೆ ಲೋಕಕ್ಕೆ ಹೋಗಲಿಕ್ಕೆ. ಆದರೆ ‘ಈ ಮಗುವಿಗೆ ಊಹಿಸುವ ಶಕ್ತಿ ಕಡಿಮೆ’ ಎಂಬ ತೀರ್ಪನ್ನು ಹಿಮದ ಕಥೆಯ ಮೇಲೆ ಕೊಡುವುದಕ್ಕೆ ನನ್ನ ವಿರೋಧವಿದೆ. ನನ್ನಲ್ಲಿಗೆ ಬರುತ್ತಿದ್ದ ಒಬ್ಬ ಹುಡುಗ ಊಹೆಯ ಪ್ರಶ್ನೆಗಳಲ್ಲೆಲ್ಲ ನಪಾಸು. ಅವನ ಮನೆಯಲ್ಲಿ ಕಂಬಳದ ಹುಚ್ಚು. ನಾನೇ ಒಂದು ಹಾಳೆಯಲ್ಲಿ ಎಂಟು ಸಾಲು ಬರೆದೆ. ಕನೆಹಲಗೆಯ ಓಟ, ಕೋಣಗಳು ಓಡಿದವು, ಮೇಲೆ ಕಟ್ಟಿದ್ದ ನಿಶಾನೆಯ ಬಟ್ಟೆ ಒದ್ದೆಯಾಯಿತು, ಅಪ್ಪ ಮುಂಡಾಸು ಬಿಚ್ಚಿ ಬೀಸಿದರು. ಅಪ್ಪ ಯಾಕೆ ಹಾಗೆ ಮಾಡಿದರು ಎಂದು ಕೇಳಿದೆ. ಗೆದ್ದರು ಎಂದು ನಾನು ಎಲ್ಲೂ ಬರೆದಿರಲಿಲ್ಲ. ಹುಡುಗ ಕುರ್ಚಿಯಿಂದ ಎದ್ದು ನಿಂತ. ಕನೆಹಲಗೆಯಲ್ಲಿ ಓಟದ ವೇಗವಲ್ಲ, ನೀರು ಎಷ್ಟು ಎತ್ತರಕ್ಕೆ ಚಿಮ್ಮಿತು ಎಂಬುದೇ ಮುಖ್ಯ, ಬಟ್ಟೆ ಒದ್ದೆಯಾದರೆ ನೀರು ಅಲ್ಲಿಗೆ ಮುಟ್ಟಿತು ಎಂದೇ ಅರ್ಥ ಎಂದು ಕೈ ಎತ್ತಿ ತೋರಿಸಿ ಐದು ನಿಮಿಷ ವಿವರಿಸಿದ. ಊಹಿಸುವ ಶಕ್ತಿ ಇಲ್ಲದ ಹುಡುಗ!

ಇದು ನನ್ನೊಬ್ಬಳ ಕೋಣೆಯ ಪವಾಡವಲ್ಲ. 1988ರಲ್ಲಿ ರೆಕ್ಟ್ ಮತ್ತು ಲೆಸ್ಲಿ ಎಂಬ ಸಂಶೋಧಕರು ಅಮೆರಿಕದ 64 ವಿದ್ಯಾರ್ಥಿಗಳಿಗೆ ಬೇಸ್‌ಬಾಲ್ ಆಟದ ಒಂದು ವರ್ಣನೆ ಓದಿಸಿದರು. ಓದಿನಲ್ಲಿ ಹಿಂದಿದ್ದರೂ ಆಟ ಚೆನ್ನಾಗಿ ಗೊತ್ತಿದ್ದ ಮಕ್ಕಳು, ಓದಿನಲ್ಲಿ ಮುಂದಿದ್ದರೂ ಆಟ ಗೊತ್ತಿಲ್ಲದವರಿಗಿಂತ ಹೆಚ್ಚು ನೆನಪಿಟ್ಟು ಹೇಳಿದರು. ಬೇಸ್‌ಬಾಲಿನ ಜಾಗದಲ್ಲಿ ಕಂಬಳ ಇಟ್ಟುಕೊಳ್ಳಿ, ನಮ್ಮ ಹುಡುಗನ ಕಥೆಯೂ ಅದೇ.

ಹಾಗಾದರೆ ಕನ್ನಡದಲ್ಲಿ ಆ್ಯಪ್ ಮಾಡಿದರೆ ಆಯಿತಲ್ಲ ಎನ್ನುತ್ತೀರಿ. ನಾನು ನೋಡಿದ ಕೆಲವು ಕನ್ನಡದವೇ. ಆದರೆ ಅವುಗಳ ಅಕ್ಷರ ಕನ್ನಡ, ಅಸ್ಥಿಪಂಜರ ಇಂಗ್ಲಿಷು. ಯಾರು, ಎಲ್ಲಿ, ಯಾವಾಗ, ಏಕೆ ಎಂದು ಇಂಗ್ಲಿಷಿನ ಪ್ರಶ್ನೆಗಳನ್ನೇ ತಂದು ಇಟ್ಟಿರುತ್ತಾರೆ. ಕನ್ನಡದ ವಾಕ್ಯದಲ್ಲಿ ಮಗು ಎಡವುವ ಕಲ್ಲು ಬೇರೆ ಕಡೆ ಇದೆ. ‘ನಾಯಿ ಓಡಿಸಿದ ಬೆಕ್ಕು ಅಟ್ಟ ಹತ್ತಿತು’, ‘ನಾಯಿಯನ್ನು ಓಡಿಸಿದ ಬೆಕ್ಕು ಅಟ್ಟ ಹತ್ತಿತು’. ಇವೆರಡರಲ್ಲಿ ಹೆದರಿದ್ದು ಯಾರು, ಹೆದರಿಸಿದ್ದು ಯಾರು? ಒಂದು ‘ಅನ್ನು’ ಕತೆಯನ್ನೇ ತಿರುಗಿಸುತ್ತದೆ. ಭಾಷೆಯ ತೊಂದರೆಯಿರುವ ಎಷ್ಟೋ ಮಕ್ಕಳಿಗೆ ಆ ತುದಿಯ ಚೂರು ಕಿವಿಗೂ ಬೀಳುವುದಿಲ್ಲ, ಕಣ್ಣಿಗೂ ಬೀಳುವುದಿಲ್ಲ. ಅವರಿಗೆ ನಾಯಿ, ಬೆಕ್ಕು, ಓಟ ಅಷ್ಟೇ ಸಿಗುವುದು. ನಾಯಿ ಬೆಕ್ಕನ್ನು ಓಡಿಸುವುದೇ ಲೋಕರೂಢಿಯಾದ್ದರಿಂದ ಅದನ್ನೇ ಹೇಳುತ್ತಾರೆ. ಈ ಒಂದು ಜೋಡಿ ವಾಕ್ಯ ಇಟ್ಟುಕೊಂಡು ನಾನು ಎರಡು ವಾರ ಕೆಲಸ ಮಾಡಿದ್ದುಂಟು.

ನಮ್ಮ ‘ಅಂತೆ’ಯನ್ನೇ ತೆಗೆದುಕೊಳ್ಳಿ. ‘ಘಟ್ಟದಲ್ಲಿ ಮಳೆ ಬಂತು’ ಎನ್ನುವುದಕ್ಕೂ ‘ಘಟ್ಟದಲ್ಲಿ ಮಳೆ ಬಂತಂತೆ’ ಎನ್ನುವುದಕ್ಕೂ ಎಷ್ಟು ಅಂತರ! ಎರಡನೆಯದರಲ್ಲಿ ಹೇಳಿದವರು ಸ್ವತಃ ನೋಡಿಲ್ಲ, ಯಾರೋ ಅವರಿಗೆ ಹೇಳಿದ್ದಾರೆ, ಹೇಳಿದವರು ಯಾರಿರಬಹುದು? ಊಹಿಸಿ ತಿಳಿಯುವುದನ್ನು ಕಲಿಸಲು ಇದಕ್ಕಿಂತ ಒಳ್ಳೆಯ ಸಾಧನ ಬೇಕೆ? ಇಂಗ್ಲಿಷಿನ ಕಥೆಯಲ್ಲಿ ‘ಹೀ’ ಅಂದರೆ ಯಾರು ಎಂದು ಪುಟಗಟ್ಟಲೆ ಅಭ್ಯಾಸ ಕೊಡುತ್ತಾರೆ. ನಾವು ‘ತಾನು ಬರುವುದಿಲ್ಲವೆಂದು ರಾಜು ಸೋಮನಿಗೆ ಹೇಳಿದ’ ಎಂದರೆ ಬಾರದವನು ರಾಜುವೇ. ನಮ್ಮ ಭಾಷೆ ಗಂಟು ಹಾಕುವ ಜಾಗ ಬೇರೆ, ಬಿಡಿಸುವ ಜಾಗ ಬೇರೆ. ಇದನ್ನೆಲ್ಲ ಬಲ್ಲ ಒಂದು ಕನ್ನಡ ಆ್ಯಪ್ ಇನ್ನೂ ನನ್ನ ಕೈಗೆ ಸಿಕ್ಕಿಲ್ಲ. ಸಿಕ್ಕಿದರೆ ಸಾಲ ಮಾಡಿಯಾದರೂ ಕೊಳ್ಳುತ್ತೇನೆ.

ಇಷ್ಟು ಬೈದ ಮೇಲೆ ಗುಣವನ್ನೂ ಹೇಳಬೇಕಲ್ಲ. ಕೆಂಪು ಶಾಯಿಯ ನೋಟ್‌ಬುಕ್ ಕಂಡರೆ ಅಳುವ ಮಗು ಆ್ಯಪ್ ಮುಂದೆ ಅಳುವುದಿಲ್ಲ. ತಪ್ಪಿದರೆ ಅದು ಮುಖ ಸಿಂಡರಿಸುವುದಿಲ್ಲ, ಪಕ್ಕದ ಮನೆಯ ಹುಡುಗನ ಅಂಕ ಎತ್ತಿ ಆಡುವುದಿಲ್ಲ. ಹತ್ತು ಸಲ ಕೇಳಿದರೆ ಹತ್ತು ಸಲವೂ ಅದೇ ದನಿಯಲ್ಲಿ ಓದಿ ಹೇಳುತ್ತದೆ. ಆ ತಾಳ್ಮೆ ನನಗಂತೂ ಸಂಜೆ ಐದರ ಮೇಲೆ ಇರುವುದಿಲ್ಲ. ಅಕ್ಷರ ದೊಡ್ಡದು ಮಾಡಬಹುದು, ಓದುತ್ತಿರುವ ಸಾಲಿಗೆ ಬಣ್ಣ ಹಚ್ಚಬಹುದು. ತೊದಲುವ ಮಗು ಮಾತಾಡದೆಯೂ ತನಗೆ ಗೊತ್ತಿದೆ ಎಂದು ತೋರಿಸಬಹುದು. ಇವೇನು ಸಣ್ಣ ಉಪಕಾರಗಳಲ್ಲ. ಪ್ರಥಮ್ ಬುಕ್ಸ್‌ನವರು 2015ರಲ್ಲಿ ಆರಂಭಿಸಿದ ‘ಸ್ಟೋರಿವೀವರ್’ನಲ್ಲಿ ಕನ್ನಡದ ಎಷ್ಟೊಂದು ಚಿತ್ರಕಥೆಗಳು ಪುಕ್ಕಟೆಯಾಗಿ ಸಿಗುತ್ತವೆ, ಅಚ್ಚು ಹಾಕಿಸಿಕೊಂಡು ಮನೆಗೂ ಒಯ್ಯಬಹುದು. ಅಲ್ಲಿ ನನಗೆ ಇಷ್ಟವಾದದ್ದು ಏನು ಗೊತ್ತೇ? ಕಥೆಯನ್ನು ಕಥೆಯಾಗಿಯೇ ಓದಬಹುದು, ಪ್ರಶ್ನೆ ಏನು ಕೇಳಬೇಕೆಂದು ನಾನೇ ತೀರ್ಮಾನಿಸಬಹುದು. ಮಾಹಿತಿಯ ಪಾಠಗಳನ್ನಂತೂ ನಾನು ಕಾಗದದಲ್ಲೇ ಕೊಡುತ್ತೇನೆ. 54 ಅಧ್ಯಯನಗಳನ್ನು ಒಟ್ಟು ಹಾಕಿ ನೋಡಿದ 2018ರ ಒಂದು ವಿಶ್ಲೇಷಣೆಯಲ್ಲಿ ಅಂಥ ಬರಹ ಪರದೆಗಿಂತ ಕಾಗದದಲ್ಲಿ ಸ್ವಲ್ಪ ಹೆಚ್ಚು ತಲೆಗೆ ಹೋಗುತ್ತದೆಂದು ಕಂಡುಬಂತು. ಬರೀ ಕಥೆಗಳಲ್ಲಿ ಆ ವ್ಯತ್ಯಾಸ ಕಾಣಲಿಲ್ಲ.

ನನ್ನ ಕೋಣೆಯಲ್ಲಿ ಆ್ಯಪ್ ಬಳಸುವಾಗ ನಾನು ಮಾಡುವ ಮೊದಲ ಕೆಲಸ, ಉತ್ತರಗಳಿರುವ ಜಾಗವನ್ನು ಒಂದು ರಟ್ಟಿನ ಚೂರಿನಿಂದ ಮುಚ್ಚುವುದು. ಮಗು ಮೊದಲು ಬಾಯಲ್ಲಿ ಹೇಳಬೇಕು. ಹೇಳಿದ ಮೇಲೆ ‘ನಿನಗೆ ಹೇಗೆ ಗೊತ್ತಾಯಿತು, ಎಲ್ಲಿದೆ ತೋರಿಸು’ ಎನ್ನುತ್ತೇನೆ. ಸರಿ ಉತ್ತರಕ್ಕೂ ಕೇಳುತ್ತೇನೆ, ತಪ್ಪಿಗೂ ಕೇಳುತ್ತೇನೆ. ತಪ್ಪು ಹೇಳಿದಾಗ ಮಾತ್ರ ಕೇಳಿದರೆ ‘ಹೇಗೆ’ ಎನ್ನುವುದೇ ಬೈಗುಳವಾಗಿಬಿಡುತ್ತದೆ. ಆ ಮೇಲೆ ಬೇಕಾದರೆ ಗುಂಡಿ ಒತ್ತಿ ನಕ್ಷತ್ರ ಪಡೆಯಲಿ. ಈ ನಡುವಿನ ಎರಡು ನಿಮಿಷವೇ ಚಿಕಿತ್ಸೆ. ಉಳಿದದ್ದು ಆಟ.

ಬೀಡಿ ಕಟ್ಟುವ ಆ ತಾಯಿಗೆ ನಾನು ಹೇಳಿದ್ದೂ ಇದನ್ನೇ, ಸ್ವಲ್ಪ ಬೇರೆ ರೀತಿಯಲ್ಲಿ. ಆ್ಯಪ್ ಸಾಲುವುದಿಲ್ಲ, ಆದರೆ ವಾರ ವಾರ ಬರಬೇಕೆಂದೂ ಇಲ್ಲ, ಹದಿನೈದು ದಿನಕ್ಕೊಮ್ಮೆ ಬನ್ನಿ. ದಿನಾ ಒಂದು ಪಾಠ ಓದಿದ ಮೇಲೆ ಟ್ಯಾಬ್ ಮುಚ್ಚಿಟ್ಟು ಅವಳು ಆ ಕಥೆಯನ್ನು ನಿಮಗೆ ತುಳುವಿನಲ್ಲಿ ಹೇಳಬೇಕು. ನೀವು ಗೆರಸೆ ಮಡಿಲಲ್ಲಿಟ್ಟುಕೊಂಡೇ ಕೇಳಿ, ಕೈಗೆ ಕೆಲಸ, ಕಿವಿ ಖಾಲಿ ತಾನೆ? ಅವರಿಗೆ ನಾಚಿಕೆಯಾಯಿತು. “ನನಗೆ ಇಂಗ್ಲಿಷು ಓದ್ಲಿಕ್ಕೆ ಬರುದಿಲ್ಲ ಟೀಚರ್. ಅವಳು ಹೇಳಿದ್ದು ಸರಿಯೋ ತಪ್ಪೋ ನನಗೆ ಹೇಗೆ ಗೊತ್ತಾಗ್ಬೇಕು?” ಎಂದರು. ಗೊತ್ತಿಲ್ಲದಿರುವುದೇ ಒಳ್ಳೆಯದೆಂದೆ. ಆ್ಯಪ್‌ಗೆ ಎಲ್ಲ ಉತ್ತರ ಮೊದಲೇ ಗೊತ್ತು, ನನಗೂ ಗೊತ್ತು. ಗೊತ್ತಿದ್ದವರಿಗೆ ಕಥೆ ಹೇಳುವಾಗ ಮಗು ಎರಡು ಪದ ಉದುರಿಸಿ ಸುಮ್ಮನಾಗುತ್ತದೆ, ಉಳಿದದ್ದನ್ನು ನಾವೇ ತುಂಬಿಕೊಳ್ಳುತ್ತೇವೆಂದು ಅದಕ್ಕೂ ತಿಳಿದಿದೆ. ಕಥೆ ನಿಜವಾಗಿ ಗೊತ್ತಿಲ್ಲದವರು ಮನೆಯಲ್ಲಿ ನೀವೊಬ್ಬರೇ. ನಿಮಗೆ ಅರ್ಥವಾಗದಿದ್ದರೆ ‘ದಾಯೆ?’ ಎಂದು ಕೇಳಿ, ಮತ್ತೂ ಅರ್ಥವಾಗದಿದ್ದರೆ ಮತ್ತೂ ಕೇಳಿ. ನಿಮಗೆ ಅರ್ಥವಾಗುವ ತನಕ ಅವಳು ಹೇಳಲಿ.

ಮೊದಲ ಹದಿನೈದು ದಿನ ಜಗಳವೇ ಆಯಿತಂತೆ. ಹುಡುಗಿಗೆ ನಕ್ಷತ್ರ ಬಂದ ಮೇಲೂ ಪಾಠ ಮುಗಿಯಲಿಲ್ಲವೆಂಬ ಸಿಟ್ಟು. ಅಮ್ಮನಿಗೆ ‘ಅವನು, ಅವನು’ ಎಂದರೆ ಯಾವನೆಂದು ತಿಳಿಯದ ಸಿಟ್ಟು. ಆಮೇಲೆ ಹುಡುಗಿ ಹೆಸರು ಹಿಡಿದು ಹೇಳತೊಡಗಿದಳು. ‘ಮೊದಲು’, ‘ಆಮೇಲೆ’, ‘ಅದಕ್ಕೇ’ ಎಂಬ ಪದಗಳು ಒಂದೊಂದಾಗಿ ಬಂದವು. ನನ್ನ ಪುಸ್ತಕದಲ್ಲಿ ಅವನ್ನೆಲ್ಲ ಗುರುತು ಹಾಕಿಕೊಂಡಿದ್ದೇನೆ. ಆ್ಯಪ್‌ನಲ್ಲಿ ಮಾತ್ರ ಅವಳಿಗೆ ಈಗ ಮೂರರ ಬದಲು ಎರಡೇ ನಕ್ಷತ್ರ ಬರುವುದುಂಟು. ನಿಧಾನವಾಗಿ ಓದುತ್ತಾಳೆ, ಅದಕ್ಕೆ ಅಂಕ ಕಡಿತ. ತಾಯಿ ಆ ವಿಷಯ ಎತ್ತಲಿಲ್ಲ. ಕಳೆದ ಸಲ ಬಂದಾಗ ಕೂರುವುದಕ್ಕೆ ಮೊದಲೇ ಅವರದೊಂದು ಪ್ರಶ್ನೆ ಕಾದಿತ್ತು. “ಹಿಮ ಬಿದ್ರೆ ಅಲ್ಲಿ ಶಾಲೆಗೆ ರಜೆ ಅಂತೆ ಟೀಚರ್. ಇಲ್ಲಿ ಜೋರು ಮಳೆ ಬಂದ್ರೆ ಕೊಡುವ ಹಾಗೆಯಾ? ಬಸ್ಸು ಹೋಗುದಿಲ್ಲ ಅಂತ ಇರ್ಬೇಕು ಅಂದ್ಲು ಇವಳು. ಅದ್ರಲ್ಲಿ ಹಾಗೆ ಬರ್ದಿದೆಯಾ ಕೇಳಿದ್ರೆ, ಇಲ್ಲ, ನಾನೇ ಯೋಚನೆ ಮಾಡಿದ್ದು ಅಂತಾಳೆ. ಹೌದಾ?”